ಒಂಬತ್ತನೆಯ ಕಂಬದ ಕೆಳಗೆ

ಫರ್ಗಸ್ ನನಗೆ "ಇಲ್ಲ" ಅಂದದ್ದು ಒಂಬತ್ತನೆಯ ಕಂಬದ ಹತ್ತಿರ, ನೆಲದಿಂದ ಹನ್ನೆರಡು ಮೀಟರ್ ಎತ್ತರದಲ್ಲಿ, ಆಗಸ್ಟ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಯಾಕೆಂದರೆ ಹಾರೋ ಬೆಟ್ಟದ ಚೇರ್‌ಲಿಫ್ಟ್ ನಡೆಸುವವಳು ನಾನೇ: ತಂತಿಗೆ ನೇತಾಡುತ್ತಾ ಜನರನ್ನು ಮೇಲೆ ಒಯ್ಯುವ ಕುರ್ಚಿಗಳ ಸಾಲು ಅದು. ಯಾವ ಚೇರ್ ಯಾವ ಹೊತ್ತಿಗೆ ಯಾವ ಕಂಬ ದಾಟುತ್ತದೆ ಎಂಬುದು ನನಗೆ ನನ್ನ ಫೋನ್ ನಂಬರಿಗಿಂತ ಚೆನ್ನಾಗಿ ನೆನಪಿರುತ್ತದೆ.

ನನ್ನ ಹೆಸರು ರೋವಿನಾ. ಬೆಟ್ಟದಲ್ಲಿ ಎಲ್ಲರಿಗೂ ರೋ. ಸಿಟ್ಟು ಬಂದರೆ ಈ ಹುಡುಗಿಯ ಕಿವಿ ಕೆಲಸ ಮಾಡುವುದಿಲ್ಲ ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಅಮ್ಮನ ಮಾತಿನಲ್ಲಿ ಸುಳ್ಳಿಲ್ಲ. ಇಷ್ಟೆಲ್ಲ ಆದದ್ದೇ ಅದರಿಂದ.

ಭೂಮಿಯ ದಕ್ಷಿಣ ಅರ್ಧದಲ್ಲಿರುವ ನಮಗೆ ಆಗಸ್ಟ್ ಅಂದರೆ ನಡುಚಳಿಗಾಲ. ಆ ಬೆಳಿಗ್ಗೆ ಹೊಸ ಹಿಮ ಮೊಣಕಾಲುದ್ದ ಬಿದ್ದಿತ್ತು. ದಿನದ ಮೊದಲ ಚೇರ್ ಯಾವತ್ತೂ ಪ್ಯಾಟ್ರೋಲ್‌ನವರದು. ಅಪಾಯದ ಜಾಗಗಳಿಗೆ ಹಗ್ಗ ಕಟ್ಟುವುದು, ಬಿದ್ದು ಕಾಲು ಮುರಿದುಕೊಂಡವರನ್ನು ಕೆಳಗೆ ತರುವುದು ಅವರ ಕೆಲಸ. ಅವರಲ್ಲೊಬ್ಬನಾದ ಫರ್ಗಸ್ ಕೆಂಪು ಜಾಕೆಟ್ಟಿನಲ್ಲಿ, ಕಾಲಿಗೆ ಸ್ಕೀ ಕಟ್ಟಿಕೊಂಡು ಚೇರಿಗಾಗಿ ಕಾಯುತ್ತಿದ್ದ. ನಾನೂ ಸ್ಕೀ ಕಟ್ಟಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

"ಏನು, ಇವತ್ತು ಮಹಾರಾಣಿಯವರು ನಮ್ಮ ಜೊತೆ?" ಅಂದ.

"ಮೇಲಿನ ಸ್ಟೇಷನ್ ಬಾಗಿಲಿಗೆ ಮಂಜುಗಡ್ಡೆ ಹಿಡಿದಿದೆಯಂತೆ. ಒಡೀಬೇಕು."

"ಸುತ್ತಿಗೆ ಎಲ್ಲಿ?"

"ಬೈಗುಳ ತಂದಿದೀನಿ. ಸಾಕಾಗತ್ತೆ."

ಬಾಗಿಲಿಗೆ ಏನೂ ಆಗಿರಲಿಲ್ಲ. ಅವನಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ, ಯಾಕೆಂದರೆ ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಕ್ಕ. ಚೇರ್ ಹಿಂದಿನಿಂದ ಬಂದು ನಮ್ಮಿಬ್ಬರನ್ನೂ ಎತ್ತಿಕೊಂಡಿತು. ಕೆಳಗೆ ಹೆಜ್ಜೆಯೇ ಬೀಳದ ಬಿಳುಪು. ಅವನು ಗಾಗಲ್ಸನ್ನು ಹಣೆಯ ಮೇಲೆ ಏರಿಸಿ ನನ್ನ ಕಡೆ ತಿರುಗಿದ. ರೆಪ್ಪೆಯ ತುದಿಯಲ್ಲಿ ಒಂದು ಹಿಮದ ಕಾಳು ಕೂತಿತ್ತು. ಅದು ಕರಗುವವರೆಗೂ ನಾನು ಅದನ್ನೇ ನೋಡಿದೆ.

"ಏನು ನೋಡ್ತಿದೀಯ?"

"ನಿನ್ನ ಮುಖಾನ. ಇಬ್ಬರು ಬೇರೆ ಬೇರೆ ಮನುಷ್ಯರಿಂದ ಕದ್ದು ಜೋಡಿಸಿದ ಹಾಗಿದೆ."

"ಯಾವ ಅರ್ಧ ಚೆನ್ನಾಗಿದೆ?"

"ಟೋಪಿ."

ಮುಖ ನಿಜವಾಗಿಯೂ ಹಾಗೇ ಇತ್ತು. ಗಾಗಲ್ಸ್ ಮುಚ್ಚುವ ಜಾಗ ಹಾಲಿನ ಬಿಳುಪು, ಅದರ ಕೆಳಗೆ ಇಟ್ಟಿಗೆಯ ಬಣ್ಣ. ಫರ್ಗಸ್ ಒಂಬತ್ತು ವರ್ಷದಿಂದ ಬೇಸಿಗೆ ಕಂಡವನಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಬೆಟ್ಟದ ಚಳಿಗಾಲ. ನಮ್ಮಲ್ಲಿ ಬಿಸಿಲು ಏರುವ ಹೊತ್ತಿಗೆ ಅವನು ಜಪಾನಿಗೆ ಹಾರಿ ಅಲ್ಲಿಯ ಚಳಿಗಾಲಕ್ಕೆ ಕೆಲಸಕ್ಕೆ ಸೇರುತ್ತಿದ್ದ. ಹೋದ ಮೂರು ವರ್ಷವೂ ನವೆಂಬರ್ ತಿಂಗಳಲ್ಲಿ ಅವನ ವಿಮಾನದ ಹೊತ್ತಿಗೆ ನಾನು ಏನಾದರೊಂದು ಕೆಲಸ ಹುಡುಕಿಕೊಂಡು ಪಾರ್ಕಿಂಗ್ ಜಾಗದ ಕಡೆಗೇ ಹೋಗದೆ ಇದ್ದೆ.

ನನಗಾದರೋ ಬೇಸಿಗೆಯೇ ಹಬ್ಬ. ಜನ ಹಾರೋ ಅಂದರೆ ಹಿಮ ಅಂದುಕೊಳ್ಳುತ್ತಾರೆ. ಡಿಸೆಂಬರ್ ತಿಂಗಳಲ್ಲಿ ಇದೇ ಚೇರುಗಳ ಹಿಂದೆ ಸೈಕಲ್ ನೇತುಹಾಕಿ ಕಳಿಸುತ್ತೇವೆ. ಊರುಗೋಲು ಹಿಡಿದ ಅಜ್ಜಿಯರು ಮೇಲೆ ಹೋಗಿ ಹೂವು ನೋಡಿ ಬರುತ್ತಾರೆ. ಕೆಲಸ ಮುಗಿದ ಮೇಲೆ ನಾವೆಲ್ಲ ಸರೋವರಕ್ಕೆ ಓಡಿ, ಕಟ್ಟೆಯಿಂದ ಧುಮುಕಿ, ಚಳಿಗೆ ಕಿರುಚಿ, ಚಿಪ್ಸ್ ತಿನ್ನುತ್ತಾ ಒಣಗುತ್ತೇವೆ. ಆ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಅವನು ಒದ್ದೆ ಕೂದಲಲ್ಲಿ ಕೂತಿರುವುದನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೆಂದರೆ, ಆ ಜಾಗ ಖಾಲಿಯಿದ್ದರೆ ನನಗೆ ರೇಗುತ್ತಿತ್ತು.

ಅದಕ್ಕೇ ಕೇಳಿಬಿಡೋಣ ಎಂದು ನಿರ್ಧರಿಸಿದ್ದು. ನಿರ್ಧರಿಸಿದ ದಿನ ಹಿನೆ ಆಂಟಿಗೆ ಹೇಳಿದೆ. ಬೆಟ್ಟದ ಬುಡದ ಕೆಫೆ ಅವರದು. ನನಗೊಬ್ಬಳಿಗೇ ಅಲ್ಲ, ಇಡೀ ಬೆಟ್ಟಕ್ಕೆ ಅವರು ಆಂಟಿ.

"ಬುಧವಾರ, ಮೊದಲನೇ ಚೇರಲ್ಲಿ ಕೇಳ್ತೀನಿ. ಯಾರಿಗೂ ಹೇಳ್ಬೇಡಿ ಆಂಟಿ."

"ನನ್ನ ಹತ್ರ ಬಂದ ಮಾತು ಬಾವಿಗೆ ಬಿದ್ದ ಹಾಗೆ ಕಣೇ," ಅಂದರು ಹಿನೆ ಆಂಟಿ, ಎದೆಯ ಮೇಲೆ ಕೈಯಿಟ್ಟು. ಆ ಬಾವಿಯ ತಳ ತೂತು ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ನಮ್ಮ ದೇಶದವರ ಬಾಯಲ್ಲಿ ಉತ್ತರ ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿ ಬರುತ್ತದೆ. "ಹೂಂ, ಇಲ್ಲ" ಅಂದರೆ ಇಲ್ಲ. "ಇಲ್ಲ, ಹೂಂ" ಅಂದರೆ ಹೂಂ. ಕೊನೆಗೆ ಬಂದದ್ದೇ ಲೆಕ್ಕಕ್ಕೆ. ಫರ್ಗಸ್ ಅಂತೂ ಟೀ ಬೇಕಾ ಅಂದರೂ "ಇಲ್ಲ, ಹೂಂ" ಅನ್ನುವ ಜಾತಿ. ಒಮ್ಮೆ ನಾನು ರೇಗಿಸಿದ್ದೆ: "ನಿನ್ನ ಎಡಗಾಲು ಇಲ್ಲ ಅನ್ನತ್ತೆ, ಬಲಗಾಲು ಹೂಂ ಅನ್ನತ್ತೆ. ಅದ್ಹೇಗೆ ನಡೀತೀಯೋ ಮಾರಾಯ?"

"ಅದಕ್ಕೇ ಸ್ಕೀ ಮಾಡೋದು," ಅಂದಿದ್ದ.

ಅಂತೂ ಆ ಬುಧವಾರ. ಎಂಟನೆಯ ಕಂಬ ದಾಟಿದೆವು. ಇನ್ನು ತಡ ಮಾಡಿದರೆ ಮೇಲಿನ ಸ್ಟೇಷನ್ ಬಂದುಬಿಡುತ್ತದೆ ಎಂದು ಕೇಳಿಬಿಟ್ಟೆ.

"ಫರ್ಗಸ್, ಈ ಬೇಸಿಗೆ ಇಲ್ಲೇ ಇದ್ದುಬಿಡ್ತೀಯಾ? ನನ್ನ ಜೊತೆ?"

ಅವನು ನನ್ನ ಮುಖ ನೋಡಲಿಲ್ಲ. ತಲೆ ತಗ್ಗಿಸಿ, ಗ್ಲೌಸ್ ಹಾಕಿದ ಕೈಯನ್ನು ಜಾಕೆಟ್ಟಿನೊಳಗೆ ತೂರಿಸಿ ಏನನ್ನೋ ತಡಕಾಡುತ್ತಾ, ನಗುತ್ತಾ, "ಇಲ್ಲ," ಅಂದ.

ನಮ್ಮ ಚೇರ್ ಒಂಬತ್ತನೆಯ ಕಂಬದ ರಾಟೆಗಳ ಮೇಲೆ ಹತ್ತಿತು. ಗಡಗಡಗಡ ಎಂದು ಹಲ್ಲು ಅಲುಗುವಷ್ಟು ಸದ್ದು. ನಾನು ಆಗಲೇ ಮುಖ ಆ ಕಡೆ ತಿರುಗಿಸಿ, ಕುತ್ತಿಗೆಯ ಪಟ್ಟಿಯನ್ನು ಮೂಗಿನವರೆಗೆ ಎಳೆದುಕೊಂಡು, ಗಾಗಲ್ಸ್ ಹಾಕಿಕೊಂಡುಬಿಟ್ಟಿದ್ದೆ. ಗಾಗಲ್ಸಿನೊಳಗೆ ಕಣ್ಣೀರು ಬಂದರೆ ಗಾಜಿಗೆ ಮಬ್ಬು ಹಿಡಿಯುತ್ತದೆ. ಹಿಡಿಯಿತು. ಪಕ್ಕದಲ್ಲಿ ಅವನು "ಅಯ್ಯೋ" ಅಂದದ್ದು, ಬಗ್ಗಿ ಕೆಳಗೆ ನೋಡಿದ್ದು ಅರೆಬರೆ ಗೊತ್ತಾಯಿತು. ಕೇಳಿದ ಪ್ರಶ್ನೆಗೆ ನಕ್ಕು ಇಲ್ಲ ಅಂದವನು ಬಗ್ಗಿದರೇನು, ನೆಟ್ಟಗೆ ಕೂತರೇನು?

ಮೇಲೆ ಇಳಿದಾಗ ಅವನು ಹಿಂದಿನಿಂದ ಕೂಗಿದ. "ರೋ! ಏನಾದ್ರೂ ಹೇಳೇ!"

"ಏನೂ ಇಲ್ಲ. ಸುಮ್ನೆ ತಮಾಷೆಗೆ ಕೇಳಿದ್ದು. ಮರೆತುಬಿಡು!" ಅಂದು, ತಿರುಗಿ ನೋಡದೆ ಇಳಿಜಾರಿಗೆ ಬಿದ್ದೆ. ಆ ದಿನ ಹಾರೋ ಬೆಟ್ಟದಲ್ಲಿ ನನ್ನಷ್ಟು ಜೋರಾಗಿ ಕೆಳಗಿಳಿದವರು ಯಾರೂ ಇಲ್ಲ.

ಅಂದಿನಿಂದ ನಮ್ಮ ಮಾತುಕತೆಯೆಲ್ಲ ವಾಕಿಟಾಕಿಯಲ್ಲೇ, ಅದೂ ಬಹುವಚನದಲ್ಲಿ. ಕೆಳಗಿನ ಸ್ಟೇಷನ್ನಿನ ನಾನು ಬೇಸ್, ಅವನು ಪ್ಯಾಟ್ರೋಲ್. "ಪ್ಯಾಟ್ರೋಲ್, ಬೇಸ್. ಗಾಳಿ ಎಷ್ಟಿದೆ ಹೇಳ್ತೀರಾ?" "ಬೇಸ್, ಪ್ಯಾಟ್ರೋಲ್. ಐವತ್ತು ದಾಟಿದೆ. ಲಿಫ್ಟ್ ನಿಧಾನ ಮಾಡಿ." ಅವನ ದನಿಯಲ್ಲೂ ಏನೋ ಮುರಿದಂತೆ ಇತ್ತು. ನನಗೆ ಕೇಳಿಸುತ್ತಿತ್ತು, ಆದರೆ ಕೇಳಿಸಿಕೊಳ್ಳಲು ಮನಸ್ಸಿರಲಿಲ್ಲ.

ಸೆಪ್ಟೆಂಬರ್ ತಿಂಗಳಲ್ಲಿ ಒಂದು ದಿನ ವಾಕಿಟಾಕಿಯ ಬ್ಯಾಟರಿ ಕೊಡಲು ಪ್ಯಾಟ್ರೋಲ್ ಗುಡಿಸಲಿಗೆ ಹೋಗಬೇಕಾಯಿತು. ಒಳಗೆ ಅವನೊಬ್ಬನೇ ಇದ್ದ. ಒಲೆಯ ಮೇಲಿನ ಗೋಡೆಗೆ ಒಂದು ಹಳದಿ ಹವಾಯಿ ಚಪ್ಪಲಿ ಮೊಳೆ ಹೊಡೆದು ನೇತುಹಾಕಿತ್ತು. ಎಡಗಾಲಿನದು. ಅಟ್ಟೆ ನಮ್ಮ ಕಡೆಗೆ. ಅದರ ಮೇಲೆ ದಪ್ಪ ಕಪ್ಪು ಮಾರ್ಕರಿನಲ್ಲಿ ಬರೆದಿತ್ತು: ಇಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಇಲ್ಲ ಅಂದದ್ದು ಸಾಲದು ಅಂತ ಅದನ್ನು ಗೋಡೆಗೆ ಬೇರೆ ಹೊಡೆದುಕೊಂಡಿದ್ದಾನೆ, ದಿನಾ ನೋಡಿ ನಗುವುದಕ್ಕೆ!

"ಏನದು?" ಅಂದೆ.

"ಚಪ್ಪಲಿ."

"ಕಾಣ್ತಿದೆ."

"ಒಂದೇ ಉಳ್ಕೊಂಡಿರೋದು," ಅಂದ. ನಾನೇನಾದರೂ ಕೇಳುತ್ತೇನೋ ಎಂಬಂತೆ ನನ್ನ ಮುಖವನ್ನೇ ನೋಡಿದ. ಆ ಎರಡು ಬಣ್ಣದ ಮುಖದಲ್ಲಿ ಕಣ್ಣು ಮಾತ್ರ ಒಂದೇ ತರಹ ಇದ್ದವು, ನಾಯಿಮರಿಯ ಕಣ್ಣಿನ ಹಾಗೆ.

"ನಿನಗೆ ಅಷ್ಟು ಸಾಕು ಬಿಡು," ಅಂದು ಬ್ಯಾಟರಿಗಳನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದೆ. ಬಾಗಿಲನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಸೂರಿನ ಹಿಮವೆಲ್ಲ ನನ್ನ ತಲೆಯ ಮೇಲೇ ಬಿತ್ತು.

ಸೀಸನ್ನಿನ ಕೊನೆಯ ದಿನ ಬೆಟ್ಟದ ಬುಡದಲ್ಲಿ ಹೊಂಡ ತೋಡಿ ನೀರು ತುಂಬಿಸುತ್ತೇವೆ. ವೇಷ ಹಾಕಿಕೊಂಡು ಮೇಲಿನಿಂದ ಸ್ಕೀ ಮೇಲೆ ರಭಸವಾಗಿ ಬಂದು ನೀರು ದಾಟಬೇಕು. ಫರ್ಗಸ್ ಕುರಿಯ ವೇಷ ಹಾಕಿದ್ದ. ಮುಕ್ಕಾಲು ಹೊಂಡ ದಾಟಿ, ಬ್ಯಾ ಎಂದು ಕೂಗಿ, ಮುಳುಗಿದ. ತಲೆ ಮೇಲೆ ಬಂದ ತಕ್ಷಣ ಆ ಗುಂಪಿನಲ್ಲಿ ಅವನ ಕಣ್ಣು ಹುಡುಕಿದ್ದು ನನ್ನನ್ನು. ಹುಡುಕಿ, ಸಿಕ್ಕಿದ ಮೇಲೆ ನಿಂತಿತು.

"ಬಿದ್ದೆಯಲ್ಲ!" ಅಂದೆ, ತಡೆಯಲಾರದೆ.

"ಹೂಂ, ಇಲ್ಲ. ದಾಟಿದೆ. ಕೊನೇ ಸ್ವಲ್ಪ ದೂರ ಒಳಗಿಂದ ದಾಟಿದೆ."

ನನಗೆ ನಗು ಬಂತು. ಎರಡು ತಿಂಗಳಲ್ಲಿ ಮೊದಲ ಸಲ. ಒದ್ದೆ ಉಣ್ಣೆಯೆಲ್ಲ ಜೋಲುತ್ತಾ ಅವನೂ ನಕ್ಕ. ಆಮೇಲೆ ನನಗೆ ಸಿಟ್ಟು ಬಂದಿದೆ ಎಂಬುದು ನೆನಪಾಗಿ, ಯಾರಿಗೋ ಟವೆಲ್ ಕೊಡುವ ನೆಪದಲ್ಲಿ ಅಲ್ಲಿಂದ ಸರಿದೆ. ಅದೇ ದಿನ ಹಿನೆ ಆಂಟಿ ಹೇಳಿದರು: ಜಪಾನಿನವರಿಗೆ ಫರ್ಗಸ್ ಬರುತ್ತೇನೆ ಅಂತ ಹೇಳಿಯಾಗಿದೆ. ನವೆಂಬರ್ ಎರಡನೇ ಶನಿವಾರ ವಿಮಾನ.

"ಈ ಸಲ ಹೋದ್ರೆ ಅಲ್ಲೇ ಮುಖ್ಯಸ್ಥನ ಕೆಲಸ ಕೊಡ್ತಾರಂತೆ. ವಾಪಸ್ ಬರೋದು ಅನುಮಾನ," ಅಂದರು ಆಂಟಿ. ಅವರ ದನಿಯಲ್ಲಿ ನನ್ನ ಮೇಲೆ ಏನೋ ಆಕ್ಷೇಪಣೆ ಇತ್ತು. "ನೀನೂ ಹಾಗೆ ಮಾಡಬಾರದಾಗಿತ್ತು ಕಣೇ."

"ನಾನು ಮಾಡಿದ್ದೇನು?" ಎಂದು ಸಿಡುಕಿದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳದೆ ಹೊರಟುಬಿಟ್ಟೆ. ಅಮ್ಮ ಹೇಳಿದ್ದು ಮತ್ತೊಮ್ಮೆ ನಿಜವಾಯಿತು.

ನವೆಂಬರ್ ಬಂದರೆ ನಮ್ಮಲ್ಲಿ ಸುಗ್ಗಿ. ಚಳಿಗಾಲವಿಡೀ ಚೇರಿನಿಂದ ಜನ ಬೀಳಿಸಿಕೊಂಡದ್ದೆಲ್ಲ ಹಿಮದೊಳಗೆ ಹೂತು ಮಲಗಿರುತ್ತದೆ. ಹಿಮ ಕರಗಿದ ಮೇಲೆ ನಾವು ಸಾಲಾಗಿ ಲಿಫ್ಟಿನ ಕೆಳಗೆ ಮೇಲಿನಿಂದ ನಡೆದು ಬರುತ್ತಾ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬುತ್ತೇವೆ. ಆ ಗುರುವಾರ ನನ್ನ ಚೀಲಕ್ಕೆ ಹನ್ನೊಂದು ಗ್ಲೌಸು ಬಿದ್ದಿದ್ದವು, ಅದರಲ್ಲಿ ಜೋಡಿ ಒಂದೂ ಇಲ್ಲ. ಎರಡು ಫೋನು. ಯಾರದೋ ಕೆಳದವಡೆಯ ಹಲ್ಲಿನ ಸೆಟ್ಟು. ಕವರ್ ಬಿಚ್ಚದ ಒಂದು ಮಾಂಸದ ಪೈ, ಅದನ್ನು ನೋಡಿದರೆ ಇನ್ನೂ ತಿನ್ನಬಹುದು ಅನ್ನಿಸುವಂತಿತ್ತು.

ಬಿಸಿಲು ಹಿತವಾಗಿತ್ತು. ಕಂದು ಹುಲ್ಲಿನ ನಡುವೆ ಕರಗಿದ ನೀರು ಸಣ್ಣಗೆ ಸದ್ದು ಮಾಡುತ್ತಾ ಹರಿಯುತ್ತಿತ್ತು. ಎತ್ತರದಲ್ಲಿ, ಮೇಲಿನ ಸ್ಟೇಷನ್ ಪಕ್ಕದ ಪ್ಯಾಟ್ರೋಲ್ ಗುಡಿಸಲಿನ ಕಿಟಕಿಗಳು ತೆರೆದಿದ್ದವು. ಫರ್ಗಸ್ ಬೆಳಿಗ್ಗೆಯಿಂದ ಅಲ್ಲಿ ಸಾಮಾನು ಕಟ್ಟುತ್ತಿದ್ದ. ನಾಡಿದ್ದು ಶನಿವಾರ. ನನ್ನ ಜೀವನದ ಅತ್ಯಂತ ಚೆಂದದ ಕಾಲ ಶುರುವಾಗುತ್ತಿದೆ, ನನಗೆ ಮಾತ್ರ ಅಳು ಬರುತ್ತಿದೆ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು.

ಒಂಬತ್ತನೆಯ ಕಂಬದ ಹತ್ತಿರ ಬಂದಾಗ ಬೇಕೆಂದೇ ಬೇಗ ಬೇಗ ನಡೆದೆ. ಕಂಬದ ಬುಡದ ಕಲ್ಲುಗಳ ನಡುವೆ ಕರಗದೆ ಉಳಿದ ಕೊಳೆ ಹಿಮದ ಒಂದು ಗುಪ್ಪೆಯಿತ್ತು. ಅದರಿಂದ ಹಳದಿಯ ಒಂದು ಅಂಚು ಇಣುಕುತ್ತಿತ್ತು. ಬಾಳೆಹಣ್ಣಿನ ಸಿಪ್ಪೆ ಅಂದುಕೊಂಡು ಎಳೆದೆ.

ಹವಾಯಿ ಚಪ್ಪಲಿ. ಬಲಗಾಲಿನದು. ಹನ್ನೆರಡನೇ ಸೈಜು. ಹಿಮ್ಮಡಿಯ ಅಂಚನ್ನು ನಮ್ಮ ಬೆಟ್ಟದ ತುಂಟ ಕಿಯಾ ಗಿಳಿಯೊಂದು ಕಚ್ಚಿ ನೋಡಿತ್ತು. ಮಣ್ಣು ಒರೆಸಿ ತಿರುಗಿಸಿದೆ. ಅಟ್ಟೆಯ ಮೇಲೆ, ದಪ್ಪ ಕಪ್ಪು ಮಾರ್ಕರಿನಲ್ಲಿ, ಅದೇ ಕೈಬರಹದಲ್ಲಿ ಬರೆದಿತ್ತು: ಹೂಂ.

ಅಲ್ಲೇ ಕಲ್ಲಿನ ಮೇಲೆ ಕೂತೆ.

ಎಡಗಾಲು ಇಲ್ಲ, ಬಲಗಾಲು ಹೂಂ. ಜಾಕೆಟ್ಟಿನೊಳಗೆ ತಡಕಾಡುತ್ತಿದ್ದ ಕೈ. ಆ ನಗು. ಚಪ್ಪಲಿ ಕೈಜಾರಿದಾಗಿನ ಆ "ಅಯ್ಯೋ". ತಲೆಯೆತ್ತಿ ನೋಡಿದೆ. ನೇರ ಮೇಲೆ, ಒಂಬತ್ತನೆಯ ಕಂಬದ ಎಂಟು ರಾಟೆಗಳು ಏನೂ ಗೊತ್ತಿಲ್ಲದವರಂತೆ ಸುಮ್ಮನೆ ನಿಂತಿದ್ದವು. ದಿನಕ್ಕೆ ಸಾವಿರ ಸಲ ಆ ಸದ್ದು ಕೇಳುವವಳು ನಾನು. ಆ ರಾಟೆಗಳಿಗೆ ಎಣ್ಣೆ ಹಾಕಿಸುವವಳೂ ನಾನೇ. ಆ ಗಡಗಡದೊಳಗೆ ಇನ್ನೊಂದು ಪದ ಬಿದ್ದುಹೋಗಿರಬಹುದು ಎಂದು ಇಡೀ ಬೆಟ್ಟದಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅದು ನನಗೆ. ನನ್ನ ಕಿವಿಗೆ ಬೀಳದ ಮಾತು ಮೂರು ತಿಂಗಳಿಂದ ಇಲ್ಲಿ ಹಿಮದ ಕೆಳಗೆ ಬಿದ್ದಿತ್ತು.

ಚೀಲವನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದೆ. ಕೆಳಗಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಹಿನೆ ಆಂಟಿ ಸುಗ್ಗಿಯವರಿಗೆಂದು ಚೀಸ್ ರೋಲ್ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಚಪ್ಪಲಿಯನ್ನು ಅವರ ಮುಖದ ಮುಂದೆ ಹಿಡಿದೆ.

"ಆಂಟಿ, ನೀವು ಅವನಿಗೆ ಹೇಳಿದ್ರಾ? ಆಗಸ್ಟಲ್ಲಿ? ನಾನು ಕೇಳ್ತೀನಿ ಅಂತ?"

"ಹೇಳ್ಲಿಲ್ಲ ಕಣೇ. ಬಾಯಿ ಜಾರ್ತು," ಅಂದರು. "ಆ ಹುಡುಗ ಮಂಗಳವಾರ ಆ ಹಿಮದಲ್ಲಿ ಊರಿಗೆ ಹೋಗಿ ಮೂರು ಅಂಗಡಿ ಸುತ್ತಿ ಆ ಚಪ್ಪಲಿ ತಂದ. ನಡುಚಳಿಗಾಲದಲ್ಲಿ ಚಪ್ಪಲಿ ಕೇಳಿದ್ದಕ್ಕೆ ಅಂಗಡಿಯವಳು ಜ್ವರ ಇದೆಯಾ ಅಂದಳಂತೆ. ಅಷ್ಟೆಲ್ಲ ಮಾಡಿ ಹೂಂ ಅಂದವನಿಗೆ ನೀನು ತಮಾಷೆ, ಮರೆತುಬಿಡು ಅಂದ್ಯಂತೆ! ಎಂಥ ಕಲ್ಲುಮನಸ್ಸೇ ನಿಂದು?"

"ನನಗೆ ಹೂಂ ಕೇಳಿಸಲೇ ಇಲ್ಲ ಆಂಟಿ!"

"ಕೇಳಿಸ್ಲಿಲ್ಲ ಅಂದ್ರೆ? ಇನ್ನೊಂದ್ಸಲ ಕೇಳೋಕೇನಾಗಿತ್ತು ನಿನಗೆ, ಧಾಡಿ?" ಅಂದರು ಆಂಟಿ. ಅವರೇ ಬುಟ್ಟಿಯಿಂದ ಒಂದು ಚೀಸ್ ರೋಲ್ ತೆಗೆದು ನನ್ನ ಕೈಗಿಟ್ಟರು. ಎಂಥ ಕಷ್ಟಕ್ಕೂ ಅವರ ಔಷಧಿ ಅದು.

ಸುಗ್ಗಿಯವರೆಲ್ಲ ಕೆಳಗೆ ಬಂದಿದ್ದರು. ಆ ಮಧ್ಯಾಹ್ನ ಬೇಸಿಗೆಗೆ ಮುಂಚಿನ ಪರೀಕ್ಷೆಗೆಂದು ಲಿಫ್ಟ್ ಓಡಿಸುವುದಿತ್ತು. ಮೇಲಿನ ಸ್ಟೇಷನ್ನಿನಲ್ಲಿ ಮೆಕ್ಯಾನಿಕ್ ನೋಯೆಲ್ ಕಾಯುತ್ತಿದ್ದ. ಓಡಿ ಹತ್ತಿ ಹೋದರೆ ಒಂದು ಗಂಟೆ. ಅದೂ ಅಲ್ಲದೆ ಮೇಲೆ ಹೋಗಿ ಫರ್ಗಸ್‌ನ ಮುಖ ನೋಡಿದರೆ ನನಗೆ ಮಾತೇ ಹೊರಡುವುದಿಲ್ಲ ಎಂದು ಗೊತ್ತಿತ್ತು. ಲಿಫ್ಟ್ ಶುರು ಮಾಡಿದೆ. ನಲವತ್ತೊಂದನೇ ಚೇರ್ ಬಂದಾಗ ಚಪ್ಪಲಿಯನ್ನು ಸೀಟಿನ ಮೇಲೆ ಕೂರಿಸಿ, ಅಡ್ಡಪಟ್ಟಿ ಇಳಿಸಿ, ಮೇಲೆ ಕಳಿಸಿದೆ. ವಾಕಿಟಾಕಿ ಎತ್ತಿಕೊಂಡೆ.

"ಪ್ಯಾಟ್ರೋಲ್, ಬೇಸ್."

"ಹೇಳಿ ಬೇಸ್."

"ನಲವತ್ತೊಂದನೇ ಚೇರಲ್ಲಿ ನಿಮ್ಮದೊಂದು ಸಾಮಾನು ಬರ್ತಿದೆ. ಇಳಿಸ್ಕೊಳ್ಳಿ."

"ನಂದೇನೂ ಬರೋದಿಲ್ವಲ್ಲ."

"ಬರತ್ತೆ. ಸ್ವಲ್ಪ ತಡ ಆಗಿದೆ ಅಷ್ಟೆ."

ಮೇಲೆ ಹೋಗಲು ಏಳು ನಿಮಿಷ. ಹಳದಿ ಚುಕ್ಕೆಯೊಂದು ಒಂದೊಂದೇ ಕಂಬ ದಾಟುತ್ತಾ ಸಣ್ಣದಾಗಿ, ಕಾಣದಾಯಿತು. ಆಂಟಿ ಎರಡು ರೋಲ್ ತಿಂದರು. ನಾನು ನನ್ನ ರೋಲನ್ನು ಹಿಸುಕಿ ಹಿಸುಕಿ ಹಿಟ್ಟು ಮಾಡಿದೆ.

"ಬೇಸ್, ಮೇಲಿನ ಸ್ಟೇಷನ್," ನೋಯೆಲ್‌ನ ದನಿ. "ಚೇರಲ್ಲಿ ಒಂದು ಚಪ್ಪಲಿ ಕೂತು ಬಂದಿದೆ. ಟಿಕೆಟ್ ತಗೊಂಡಿದೆಯಾ?"

"ತಗೊಂಡಿದೆ ನೋಯೆಲ್. ಫರ್ಗಸ್ ಕೈಗೆ ಕೊಡು."

"ಕೊಟ್ಟೆ." ಸ್ವಲ್ಪ ಹೊತ್ತು ಬಿಟ್ಟು, "ಮನುಷ್ಯ ನಿಂತಲ್ಲೇ ನಿಂತುಬಿಟ್ಟಿದಾನೆ. ಏನಾದ್ರೂ ಕೆಟ್ಟ ಸುದ್ದೀನಾ?"

ಆಮೇಲೆ ಫರ್ಗಸ್‌ನ ದನಿ ಬಂತು. ಈ ಸಲ ಬಹುವಚನ ಇರಲಿಲ್ಲ.

"ರೋ. ಎಲ್ಲಿ ಸಿಕ್ತು?"

"ಒಂಬತ್ತನೇ ಕಂಬದ ಕೆಳಗೆ."

"ಆವತ್ತು ನಿನಗೆ ಏನು ಕೇಳಿಸ್ತು?"

"ಎಡಗಾಲು," ಅಂದೆ. ದನಿ ಒಡೆಯಿತು. "ಬರೀ ಎಡಗಾಲು ಕಣೋ."

ವಾಕಿಟಾಕಿ ಗರಗರ ಅಂದಿತು. ಆಮೇಲೆ, "ನೀನು ಪೂರ್ತಿ ಕೇಳಿ, ಆಮೇಲೆ ಮರೆತುಬಿಡು ಅಂದೆ ಅಂದ್ಕೊಂಡಿದ್ದೆ. ನನ್ನ ಹತ್ರ ಉಳಿದದ್ದು ಒಂದೇ ಉತ್ತರ. ಅದಕ್ಕೇ ಅದನ್ನ ಗೋಡೆಗೆ ಹೊಡ್ಕೊಂಡೆ."

"ಈ ಚಾನೆಲ್ಲಲ್ಲಿ ನಾವೂ ಇದೀವಿ," ಅಂತ ನೋಯೆಲ್. "ಮುಂದುವರಿಸಿ. ನಮ್ಮದೇನೂ ಅಡ್ಡಿ ಇಲ್ಲ."

ಆದರೆ ಫರ್ಗಸ್ ಮುಂದುವರಿಸಲಿಲ್ಲ. ಐದು ನಿಮಿಷ ಕಳೆಯಿತು. ಹತ್ತು. ಸುಗ್ಗಿಯವರೆಲ್ಲ ಕೆಲಸ ಬಿಟ್ಟು, ಕೆಲಸ ಮಾಡುತ್ತಿರುವವರ ಹಾಗೆ ನಟಿಸುತ್ತಾ ಸ್ಟೇಷನ್ನಿನ ಸುತ್ತಲೇ ಓಡಾಡುತ್ತಿದ್ದರು. ಮೂರು ತಿಂಗಳು ಬಹಳ ದೀರ್ಘ ಕಾಲ, ಅಷ್ಟರಲ್ಲಿ ಎಂಥ ಹೂಂ ಕೂಡ ಅಳಿಸಿಹೋಗಬಹುದು ಎಂದು ಲೆಕ್ಕ ಹಾಕುತ್ತಾ ನಿಂತೆ. ಶನಿವಾರದ ಟಿಕೆಟ್ ಅವನ ಜೇಬಿನಲ್ಲಿತ್ತು. ಮುಖ್ಯಸ್ಥನ ಕೆಲಸ ಅವನಿಗಾಗಿ ಕಾದಿತ್ತು. ನನ್ನ ಹತ್ತಿರ ಇದ್ದದ್ದು ಒಂದು ತಣ್ಣನೆಯ ಸರೋವರ.

"ಬಂದ ನೋಡೇ!" ಅಂದರು ಹಿನೆ ಆಂಟಿ.

ಇಳಿದು ಬರುತ್ತಿದ್ದ ಚೇರಿನಲ್ಲಿ ಕೆಂಪು ಜಾಕೆಟ್. ಅದರ ಕೆಳಗೆ ನೇತಾಡುತ್ತಿದ್ದವು ಬೂಟಿಲ್ಲದ ಎರಡು ಕಾಲು. ಒಂಬತ್ತು ವರ್ಷ ಬೂಟಿನೊಳಗೇ ಕಳೆದ ಪಾದಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಎರಡರಲ್ಲೂ ಹಳದಿ ಹವಾಯಿ ಚಪ್ಪಲಿ.

ಅವನು ಎರಡನೆಯ ಕಂಬ ದಾಟಿದ. ಗಡಗಡ ಮುಗಿಯುವವರೆಗೆ ಕಾದೆ. ಆಮೇಲೆ ಕೆಂಪು ಗುಂಡಿ ಒತ್ತಿದೆ. ಲಿಫ್ಟ್ ನಿಂತಿತು. ಚೇರ್ ಒಂದು ಸಲ ತೂಗಿ ಸುಮ್ಮನಾಯಿತು. ಬೆಟ್ಟದಲ್ಲಿ ನೀರು ಹರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಂತ ವಿಷಯಕ್ಕೆ ಲಿಫ್ಟ್ ನಿಲ್ಲಿಸುವುದು ನಿಯಮಕ್ಕೆ ವಿರುದ್ಧ. ಆ ನಿಯಮ ಬರೆದವಳೂ ನಾನೇ. ನಡೆದು ಹೋಗಿ ಅವನ ಕೆಳಗೆ ನಿಂತೆ.

"ಯಾಕೆ ಇಷ್ಟು ಹೊತ್ತು?" ಕತ್ತೆತ್ತಿ ಕೇಳಿದೆ.

"ಜಪಾನಿಗೆ ಫೋನ್ ಮಾಡಿ ಬರಲ್ಲ ಅಂದೆ."

"ನಾನು ಮತ್ತೆ ಕೇಳೋ ಮುಂಚೆನೇ?"

"ನೀನು ಮತ್ತೆ ಕೇಳ್ತೀಯೋ ಇಲ್ವೋ ಗೊತ್ತಿರಲಿಲ್ಲ. ಕೇಳಿದ್ರೆ, ಆಗ ನನ್ನ ಹತ್ರ ಟಿಕೆಟ್ ಇರಬಾರದು ಅನ್ನಿಸ್ತು." ಎರಡೂ ಕೈಯಲ್ಲಿ ಅಡ್ಡಪಟ್ಟಿ ಹಿಡಿದು ಬಗ್ಗಿ ನನ್ನನ್ನು ನೋಡಿದ. ಆ ನೋಟಕ್ಕೆ ನನ್ನ ಕಿವಿಯ ತುದಿಯವರೆಗೆ ಬಿಸಿಯೇರಿತು. "ಅಲ್ಲಿನವರು ಬಹಳ ನಕ್ಕರು. ಬೇಸಿಗೇಲಿ ನೀನು ಮಾಡೋದಾದ್ರೂ ಏನು ಅಂತ ಕೇಳಿದ್ರು."

"ಏನಂದೆ?"

"ಗೊತ್ತಿಲ್ಲ, ಒಬ್ಬಳು ಹೇಳ್ಕೊಡ್ತಾಳೆ ಅಂದೆ."

ಹಿಂದೆ ಯಾರೋ ಸಿಳ್ಳೆ ಹೊಡೆದರು. ಹಿನೆ ಆಂಟಿ ಅವರ ಬಾಯಿ ಮುಚ್ಚಿಸಿದ್ದೂ ಕೇಳಿಸಿತು.

"ಫರ್ಗಸ್," ಅಂದೆ. ಈ ಸಲ ದನಿ ನಡುಗಲಿಲ್ಲ. "ಈ ಬೇಸಿಗೆ ಇಲ್ಲೇ ಇದ್ದುಬಿಡ್ತೀಯಾ? ನನ್ನ ಜೊತೆ? ಒಂದೇ ಪದದಲ್ಲಿ ಹೇಳಬೇಕು. ಎರಡು ಪದ ಬಂತೋ, ಸಂಜೆವರೆಗೂ ಅಲ್ಲೇ ನೇತಾಡು."

ಅವನು ಬಾಯಿ ತೆರೆಯಲಿಲ್ಲ. ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಕ್ಕು, ಬಲಗಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿ, ಪಾದ ಮೇಲಕ್ಕೆತ್ತಿದ. ಕೆಳಗೆ ನಿಂತ ನನ್ನ ಕಣ್ಣಿಗೆ ಅಟ್ಟೆ ನೇರವಾಗಿ ಕಂಡಿತು. ಗಿಳಿ ಕಚ್ಚಿದ ಹಿಮ್ಮಡಿ, ಅದರ ಮೇಲೆ ಆ ಪದ.

"ಕೇಳಿಸ್ತಾ?" ಅಂದ.

"ಕಾಣಿಸ್ತು."

ಓಡಿ ಹೋಗಿ ಹಸಿರು ಗುಂಡಿ ಒತ್ತಿದೆ. ಸ್ಟೇಷನ್ನಿನ ದೊಡ್ಡ ಚಕ್ರ ಮತ್ತೆ ಗುಡುಗಲು ಶುರುಮಾಡಿತು. ಚೇರ್ ಒಳಗೆ ಬಂತು. ಅವನು ಇಳಿದು, ರಬ್ಬರ್ ಹಾಸಿನ ಮೇಲೆ ಪಟಪಟ ಸದ್ದು ಮಾಡುತ್ತಾ, ಚಪ್ಪಲಿ ಹಾಕಿ ನಡೆಯುವ ಅಭ್ಯಾಸವೇ ತಪ್ಪಿಹೋದ ಬಾತುಕೋಳಿಯ ಹಾಗೆ ನನ್ನ ಕಡೆ ಬಂದ. ಬಹಳ ಹತ್ತಿರ ಬಂದು ನಿಂತ. ಅವನ ಮೈಯಿಂದ ಗುಡಿಸಲಿನ ಒಲೆಯ ಹೊಗೆಯ ವಾಸನೆ ಬರುತ್ತಿತ್ತು. ಇಷ್ಟು ದಿನ ಈ ವಾಸನೆಗಾಗಿ ಹಂಬಲಿಸಿದ್ದೆ ಎಂಬುದು ಆಗ ಗೊತ್ತಾಯಿತು.

"ಈಗ ನನ್ನ ಸರದಿ," ಅಂದ, ಚಕ್ರದ ಸದ್ದನ್ನೂ ಮೀರಿಸಿ. "ನಿನ್ನ ಚಳಿಗಾಲ ಹಾಳು ಮಾಡಿದವನು ನಾನು. ಸೈಕಲ್ ಓಡಿಸೋಕೆ ಬರಲ್ಲ. ಬಿಸಿಲಿಗೆ ಸುಟ್ಟು ಸಿಪ್ಪೆ ಏಳತ್ತೆ. ಇಂಥವನು ಇನ್ನೂ ಬೇಕಾ ನಿನಗೆ?"

"ಇಲ್ಲ," ಅಂದೆ.

ಹಿನೆ ಆಂಟಿಯ ಕೈಯಿಂದ ಬುಟ್ಟಿ ಬಿದ್ದ ಸದ್ದು ಕೇಳಿಸಿತು. ಆದರೆ ಫರ್ಗಸ್ ಗಾಬರಿಯಾಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಆ ಗುಡುಗಿನ ನಡುವೆ ಬಗ್ಗಿ, ತನ್ನ ಕಿವಿಯನ್ನು ನನ್ನ ತುಟಿಯ ಹತ್ತಿರ ತಂದು, ಕಣ್ಣು ಮುಚ್ಚಿ, ಉಳಿದ ಅರ್ಧಕ್ಕಾಗಿ ಕಾದ.

ಅದನ್ನು ಅವನಿಗೊಬ್ಬನಿಗೇ ಕೇಳಿಸುವ ಹಾಗೆ ಹೇಳಿದೆ.